ಯಾರ ಕೋಳಿ ಕೂಗಿ ಬೆಳಗಾಯಿತು?

ತನ್ನ ಹುಂಜ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಮುದುಕಿಯ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಊರವರ ಮೇಲೆ ಮುನಿಸಿಕೊಂಡು, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಆಕೆ ಹೊರಟೇಹೋದಳು. 'ಇನ್ನು ಇವರು ಕತ್ತಲೆಯಲ್ಲೇ ಕೊಳೆಯಲಿ' ಎಂದು ದೂರದಲ್ಲಿ ಹೋಗಿ ಕುಳಿತಳು. ಸೂರ್ಯನೋ, ಯಾರ ಅಪ್ಪಣೆಗೂ ಕಾಯದೆ ತನ್ನ ಹೊತ್ತಿಗೆ ಹುಟ್ಟಿದ. ಕಥೆ ಮಕ್ಕಳದಾದರೂ ಅದರ ಮೊನೆ ದೊಡ್ಡವರ ಕಡೆಗೇ ತಿರುಗಿದೆ. ನಾಲ್ಕು ಜನ ಕೂಡಿ ಮಾಡುವ ಯಾವ ಕೆಲಸದಲ್ಲಿಯಾದರೂ ಪ್ರತಿಯೊಬ್ಬರ ಕಂಕುಳಲ್ಲಿಯೂ ಒಂದೊಂದು ಹುಂಜ ಇದ್ದೇ ಇರುತ್ತದೆ.

ಕನ್ನಡದ ಇಂಥದೇ ಜನಪದ ಕಥೆಯೊಂದನ್ನು ಆಧರಿಸಿ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳು ಒಂದು ಕಿರುಚಿತ್ರವನ್ನು ತೆಗೆದರು. 'ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತು' ಎಂಬ ಅರ್ಥ ಕೊಡುವ ಇಂಗ್ಲಿಷ್ ಹೆಸರಿನಿಂದ ಅದು ಹೊರದೇಶಗಳಲ್ಲಿ ಪರಿಚಿತವಾಗಿದೆ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ. ಊರಿಗೆ ಬೆಳಕು ನಿಜವಾಗಿಯೂ ತಪ್ಪಿಹೋಗುತ್ತದೆ. ಮುದುಕಿಯ ಸಂಸಾರ ಊರು ಬಿಡಬೇಕಾಗುತ್ತದೆ. ಚಿತ್ರದ ಅವಧಿ 16 ನಿಮಿಷ. 2024ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಇದಕ್ಕೆ ಪ್ರಥಮ ಬಹುಮಾನ ಬಂದಿತು. ಜಗತ್ತಿನ 555 ಚಿತ್ರಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಆ ವರ್ಷ ಸ್ಪರ್ಧೆಗೆ ಆಯ್ಕೆಯಾದವು 18. ಆ ಹದಿನೆಂಟರಲ್ಲಿ ಮೊದಲನೆಯದು ಕನ್ನಡದ ಅಜ್ಜಿಯ ಹುಂಜ!

ನಿರ್ದೇಶಕರಾದ ಚಿದಾನಂದ ಎಸ್. ನಾಯ್ಕ್ ಅವರು ವೈದ್ಯಕೀಯ ಪದವೀಧರರು, ಮೈಸೂರಿನವರು. ಸುದ್ದಿ ಬಂದ ದಿನ ಮೈಸೂರಿನ ಹೆಸರು ಎಲ್ಲರ ಬಾಯಲ್ಲಿಯೂ ನಲಿದಾಡಿದ್ದು ಸಹಜವೇ. ಆದರೆ ಈ ಚಿತ್ರ ಹುಟ್ಟಿದ ಬಗೆಯನ್ನು ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅದು ಆ ಸಂಸ್ಥೆಯ ಟೆಲಿವಿಷನ್ ವಿಭಾಗದ ಒಂದು ವರ್ಷದ ಶಿಕ್ಷಣದ ಕೊನೆಯಲ್ಲಿ ಮಾಡಬೇಕಾದ ಅಭ್ಯಾಸ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದಗ್ರಹಣ ಎಂಬ ನಾಲ್ಕು ಶಾಖೆಗಳಿಂದ ಒಬ್ಬೊಬ್ಬ ವಿದ್ಯಾರ್ಥಿ ಬಂದು, ನಾಲ್ವರೂ ಕೂಡಿ ಒಂದೇ ಚಿತ್ರ ಮಾಡಬೇಕೆಂಬುದು ಅಲ್ಲಿಯ ಏರ್ಪಾಡು. ಛಾಯಾಗ್ರಹಣ ಸೂರಜ್ ಠಾಕೂರ್ ಅವರದು, ಸಂಕಲನ ಮನೋಜ್ ವಿ. ಅವರದು, ಶಬ್ದ ಅಭಿಷೇಕ್ ಕದಮ್ ಅವರದು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ಅಂದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಯೇ ನಾಲ್ವರಿಗೆ ಒಂದು, ಉತ್ತರಪತ್ರಿಕೆಯೂ ಒಂದು.

ನಮ್ಮ ಶಾಲಾಕಾಲೇಜುಗಳ ಪದ್ಧತಿಗೆ ಇದು ತೀರ ಹೊರತಾದುದು. ಪಕ್ಕದವನ ಕಾಗದವನ್ನು ನೋಡುವುದೇ ಅಪರಾಧವೆಂದು ಹದಿನೈದು ವರ್ಷ ಕಲಿಸಿದ ಮೇಲೆ, ಪಕ್ಕದವನಿಲ್ಲದೆ ನಿನ್ನ ಉತ್ತರವೇ ಪೂರ್ಣವಾಗದು ಎಂದು ಒಮ್ಮೆಗೇ ಹೇಳಿದರೆ ಹುಡುಗರು ತಬ್ಬಿಬ್ಬಾಗದೆ ಏನು ಮಾಡಿಯಾರು? ಕಿರುಚಿತ್ರದ ನಿಜವಾದ ಕಷ್ಟ ಯಂತ್ರದಲ್ಲಿಲ್ಲ, ಈ ತಬ್ಬಿಬ್ಬಿನಲ್ಲಿದೆ. ಯಂತ್ರವಂತೂ ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಹಿಂದೆ ಪುಣೆಗೋ ಮದರಾಸಿಗೋ ಹೋದವರಿಗೆ ಮಾತ್ರ ಸಿಗುತ್ತಿದ್ದ ಸೌಲಭ್ಯ ಈಗ ಮೊಬೈಲ್ ಫೋನಿನ ರೂಪದಲ್ಲಿ ಮೈಸೂರಿನಿಂದ ಕಾವೇರಿಯ ಸೇತುವೆ ದಾಟಿ ಶ್ರೀರಂಗಪಟ್ಟಣಕ್ಕೂ, ಅಲ್ಲಿಂದಾಚೆಯ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಿಗೂ ಬಂದು ಕುಳಿತಿದೆ.

ಈ ನಾಲ್ಕು ತಾಲ್ಲೂಕುಗಳಿಂದ ಒಬ್ಬೊಬ್ಬರಂತೆ ಬಂದು ಒಂದೇ ಕಾಲೇಜಿನಲ್ಲಿ ಓದುವ ನಾಲ್ವರು ಹತ್ತು ನಿಮಿಷದ ಒಂದು ಚಿತ್ರ ತೆಗೆಯಲು ಹೊರಟರೆಂದು ಊಹಿಸಿಕೊಳ್ಳೋಣ. ಶ್ರೀರಂಗಪಟ್ಟಣದ ಹುಡುಗ ಕಥೆ ಬರೆದು ನಿರ್ದೇಶಿಸುತ್ತಾನೆ. ಪಾಂಡವಪುರದ ಹುಡುಗಿಯದು ಕ್ಯಾಮೆರಾ. ಕೃಷ್ಣರಾಜಪೇಟೆಯವನು ಸಂಕಲನಕಾರ. ಶಬ್ದದ ಹೊಣೆ ನಾಗಮಂಗಲದ ಹುಡುಗಿಯದು. ಇವರ ಜೊತೆಗೆ ಯಾವ ಶಾಖೆಗೂ ಸೇರದ ಒಬ್ಬ ಗೆಳೆಯ. ಊಟದ ಡಬ್ಬಿ ಹೊತ್ತು ತರುವುದು, ಚಿತ್ರೀಕರಣದ ವೇಳೆ ಓಣಿಯ ತುದಿಯಲ್ಲಿ ನಿಂತು ಮೋಟಾರುಬೈಕುಗಳನ್ನು ತಡೆಯುವುದು ಅವನ ಉದ್ಯೋಗ.

ಕಥೆ ಸರಳ. ನಾಗಮಂಗಲದ ಕಡೆಯ ಮುದುಕಿಯೊಬ್ಬಳು ಶ್ರೀರಂಗಪಟ್ಟಣದ ಬಳಿಯ ಹಳ್ಳಿಗೆ, ಮಗಳ ಮನೆಗೆ, ಬರುತ್ತಾಳೆ. ಮನೆಯ ಹಿಂದೆಯೇ ನಾಲೆ ತುಂಬಿ ಹರಿಯುತ್ತಿದ್ದರೂ ಮುದುಕಿ ಮಾತ್ರ ದಿನವೂ ಬಿಂದಿಗೆಗಳನ್ನೆಲ್ಲ ತುಂಬಿ, ಮುಚ್ಚಿ, ಅಡುಗೆಮನೆಯ ಮೂಲೆಯಲ್ಲಿ ಸಾಲಾಗಿ ಇಡುತ್ತಾಳೆ. ಮನೆಮಂದಿ ನಗುತ್ತಾರೆ. ಬರೆದವನ ದೃಷ್ಟಿಯಲ್ಲಿ ಇದು ಹಾಸ್ಯ. ಹೊಳೆಯ ದಡದಲ್ಲಿ ಹುಟ್ಟಿದವನಿಗೆ ನೀರು ಗಾಳಿಯಂತೆ; ಇದ್ದೇ ಇರುವ ವಸ್ತು.

ಓದಿ ಮುಗಿಸಿದಾಗ ಮೂವರು ನಕ್ಕರು, ನಾಗಮಂಗಲದವಳು ನಗಲಿಲ್ಲ. "ನಮ್ಮಜ್ಜಿ ನೀರು ಮುಚ್ಚಿಡೋದು ನಗೋದಕ್ಕಲ್ಲ ಕಣೋ," ಎಂದಳು.

ಇಲ್ಲಿಂದ ಆರಂಭವಾಗುವುದೇ ನಿಜವಾದ ಚಿತ್ರನಿರ್ಮಾಣ. ಒಂದೇ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಾದರೂ ನೀರಿನ ಲೆಕ್ಕದಲ್ಲಿ ಇವು ಬೇರೆ ಬೇರೆ ಲೋಕಗಳು. ಕನ್ನಂಬಾಡಿ ಕಟ್ಟೆ ಶ್ರೀರಂಗಪಟ್ಟಣದ ತಾಲ್ಲೂಕಿನಲ್ಲಿದೆ, ಪಾಂಡವಪುರದ ಗದ್ದೆಗಳು ವಿಶ್ವೇಶ್ವರಯ್ಯ ನಾಲೆಯ ಸುಖವನ್ನು ಉಂಡಿವೆ, ಕೃಷ್ಣರಾಜಪೇಟೆಗೆ ಹೇಮಾವತಿಯಿದೆ. ನಾಗಮಂಗಲದ ಹೊಲಗಳು ಬಹುಭಾಗ ಮಳೆಯನ್ನೂ ರಾಗಿಯನ್ನೂ ನೆಚ್ಚಿಕೊಂಡು ಬಂದವು. ಹೀಗಿರುವಾಗ ಒಂದು ಬಿಂದಿಗೆಯ ಬೆಲೆಯನ್ನು ಯಾರ ಕಣ್ಣಿನಿಂದ ನೋಡಬೇಕು? ಬರೆದವನ ಕಣ್ಣಿನಿಂದಲೋ, ಬಾಳಿದವಳ ಕಣ್ಣಿನಿಂದಲೋ?

ನಿರ್ದೇಶಕ ಅಧಿಕಾರದ ಮಾತನಾಡಬಹುದು. ಹುಡುಗಿ ಮುನಿದು ಹೊರಟುಹೋಗಬಹುದು. ಅನೇಕ ವಿದ್ಯಾರ್ಥಿ ತಂಡಗಳು ಒಡೆಯುವುದು ಇಂಥ ತಿರುವಿನಲ್ಲಿಯೇ. ಆದರೆ ಈ ನಾಲ್ವರು ಒಂದು ದಿನವಿಡೀ ಜಗಳವಾಡಿ ಕಡೆಗೆ ಒಂದು ಉಪಾಯವನ್ನು ಕಂಡುಕೊಂಡರೆನ್ನೋಣ. ಮನೆಯವರ ನಗು ಹಾಗೆಯೇ ಇರಲಿ ಎಂದ ನಿರ್ದೇಶಕ. ಆ ನಗುವಿನ ವೇಳೆ ಕ್ಯಾಮೆರಾ ಮುದುಕಿಯ ಮುಖದ ಮೇಲಿರದೆ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟುವ ಕೈಗಳ ಮೇಲಿರಲಿ ಎಂದಳು ಕ್ಯಾಮೆರಾದವಳು. ನಗು ನಡುವೆಯೇ ನಿಂತು, ನೀರು ತುಂಬುವ ಸದ್ದೊಂದೇ ಉಳಿಯಲಿ ಎಂದಳು ಶಬ್ದದವಳು. ಆ ಸದ್ದನ್ನು ಬಿಂದಿಗೆ ತುಂಬುವತನಕ, ಕತ್ತರಿಸದೆ, ಬಿಟ್ಟುಬಿಡೋಣ ಎಂದ ಸಂಕಲನಕಾರ. ಈಗ ಹೇಳಿ, ಆ ದೃಶ್ಯ ಯಾರದು?

ಚಿತ್ರೀಕರಣದ ದಿನಗಳು ಇನ್ನಷ್ಟು ಪಾಠಗಳನ್ನು ಕಲಿಸುತ್ತವೆ. ಮೊದಲನೆಯ ಭಾನುವಾರ ಮುದುಕಿ ನಡೆದುಬರುವ ದಾರಿಯ ಎರಡೂ ಬದಿಗೆ ಆಳೆತ್ತರದ ಕಬ್ಬು. ಉಳಿದ ಭಾಗ ತೆಗೆಯಲು ಮರುಭಾನುವಾರ ಹೋದರೆ ಕಬ್ಬು ಕಟಾವಾಗಿ ಆಲೆಮನೆ ಸೇರಿದೆ, ಬರೀ ಬಯಲು! ಒಂದು ಹೆಜ್ಜೆ ಕಬ್ಬಿನ ನೆರಳಿನಲ್ಲಿ, ಮುಂದಿನ ಹೆಜ್ಜೆ ಬಿಸಿಲ ಬಯಲಿನಲ್ಲಿ ಬಿದ್ದರೆ ನೋಡುವವರು ನಂಬುತ್ತಾರೆಯೆ? ಚಿತ್ರದವರು ಸಾತತ್ಯವೆಂದು ಕರೆಯುವುದು ಇದನ್ನೇ. ಸೀರೆಯ ಸೆರಗು, ಬಿಂದಿಗೆಯ ಜಾಗ, ನೆರಳಿನ ಉದ್ದ, ಇವುಗಳನ್ನೆಲ್ಲ ಒಬ್ಬರು ಬರೆದಿಟ್ಟುಕೊಳ್ಳಲೇಬೇಕು. ರೈತನ ಕಬ್ಬು ವಿದ್ಯಾರ್ಥಿಯ ಚಿತ್ರಕ್ಕಾಗಿ ಕಾಯುವುದಿಲ್ಲ. ಕಾಯಬೇಕೆಂದು ಬಯಸುವುದೂ ತರವಲ್ಲ.

ಶಬ್ದದ ಮಾತು ಮತ್ತೂ ಸೂಕ್ಷ್ಮ. ಚಿತ್ರವನ್ನೂ ಶಬ್ದವನ್ನೂ ಬೇರೆ ಬೇರೆ ಯಂತ್ರಗಳಲ್ಲಿ ಹಿಡಿದಾಗ ಎರಡನ್ನೂ ಸರಿಹೊಂದಿಸಲು ಪ್ರತಿಸಲವೂ ಕ್ಯಾಮೆರಾದ ಮುಂದೆ ಹಲಗೆಯನ್ನು ತಟ್ಟುತ್ತಾರೆ. ಹಲಗೆ ಕೂಡಿದ ಚಿತ್ರವೂ 'ಟಪ್' ಎಂಬ ಸದ್ದೂ ಒಂದೇ ಕ್ಷಣಕ್ಕೆ ಬಂದರೆ ಉಳಿದುದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ. ಇನ್ನೊಂದು ಕ್ರಮವೂ ಉಂಟು. ಪ್ರತಿಯೊಂದು ಸ್ಥಳದಲ್ಲಿಯೂ ಕೆಲಸ ಮುಗಿದ ಮೇಲೆ ಎಲ್ಲರೂ ಅರ್ಧ ನಿಮಿಷ ಉಸಿರು ಬಿಗಿಹಿಡಿದು ನಿಲ್ಲಬೇಕು. ಆ ಸ್ಥಳದ ಮೌನವನ್ನೇ ಹಿಡಿದುಕೊಳ್ಳಬೇಕು. ನಾಲೆಯ ದಂಡೆಯ ಮೌನ ಬೇರೆ, ಅಡುಗೆಮನೆಯ ಮೌನ ಬೇರೆ. ಮಾತುಮಾತಿನ ನಡುವಿನ ಬಿರುಕುಗಳನ್ನು ಮುಚ್ಚಲು ಸಂಕಲನಕಾರನಿಗೆ ಅದು ಬೇಕೇಬೇಕು. ದಿನವಿಡೀ ವಾದಿಸಿದ ಐವರು ಅರ್ಧ ನಿಮಿಷ ಒಟ್ಟಿಗೆ ಸುಮ್ಮನಿರುವ ದೃಶ್ಯ ಯಾವ ಚಿತ್ರದಲ್ಲಿಯೂ ಕಾಣಿಸುವುದಿಲ್ಲ. ಆದರೆ ಎಷ್ಟೋ ಚಿತ್ರಗಳನ್ನು ಹಿಡಿದು ನಿಲ್ಲಿಸಿರುವುದು ಅದೇ.

ಕಡೆಯ ಪರೀಕ್ಷೆ ಸಂಕಲನದ ಮೇಜಿನ ಮುಂದೆ. ಸಂಗಮದ ಸಂಜೆಗೆಂಪಿಗಾಗಿ ಎರಡು ಸಂಜೆ ಕಾದು, ಮಂಡಿಯುದ್ದ ನೀರಿನಲ್ಲಿ ನಿಂತು ತೆಗೆದ ದೃಶ್ಯ ಕಥೆಗೆ ಬೇಡವಾಯಿತು. ಸಂಕಲನಕಾರ ತೆಗೆದುಹಾಕಿದ. ಕ್ಯಾಮೆರಾದವಳ ಕಣ್ಣಿನಲ್ಲಿ ನೀರು. ಪಟ್ಟ ಕಷ್ಟ ತೆರೆಯ ಮೇಲೆ ಕಾಣುವುದಿಲ್ಲ. ಕಾಣುವುದು ಅದರ ಫಲ ಮಾತ್ರ. ಈ ಕಠೋರವಾದ ನ್ಯಾಯವನ್ನು ಇಪ್ಪತ್ತರ ವಯಸ್ಸಿನಲ್ಲಿಯೇ ಅರಿತವರು ಮುಂದೆ ಕಚೇರಿಯಲ್ಲಾಗಲಿ ಸಂಸಾರದಲ್ಲಾಗಲಿ ಬೇಗನೆ ಎದೆಗುಂದುವುದಿಲ್ಲ.

ಇಂಥ ಕೂಡುಗೆಲಸಕ್ಕೆ ದೊಡ್ಡ ನಿದರ್ಶನವೂ ಇದೇ ಮಂಡ್ಯ ಜಿಲ್ಲೆಯಲ್ಲಿದೆ. ಪ್ರಾಗ್ ನಗರದ ಚಿತ್ರಶಾಲೆಯಲ್ಲಿ ಕಲಿತು ಬಂದ ರಾಮ್ ರೆಡ್ಡಿಯವರು ತಮ್ಮ 'ತಿಥಿ' ಚಿತ್ರವನ್ನು ತೆಗೆದುದು ಈ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ನೂರೊಂದು ವರ್ಷದ ಸೆಂಚುರಿಗೌಡ ಸತ್ತ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ನಡೆದುಕೊಳ್ಳುವ ರೀತಿಯೇ ಅದರ ಕಥೆ. ನಗರದಿಂದ ಬಂದ ನಿರ್ದೇಶಕರೊಡನೆ ಕುಳಿತು ಕಥೆಯನ್ನು ಹೆಣೆದವರು ಅದೇ ಊರಿನ ಈರೇಗೌಡರು. ಪಾತ್ರವಹಿಸಿದವರು ವೃತ್ತಿನಟರಲ್ಲ, ಹಳ್ಳಿಯ ಜನ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಅದು ಎರಡು ಪ್ರಶಸ್ತಿಗಳನ್ನು ಪಡೆಯಿತು. ಊರಿನ ಮಾತನ್ನು ಊರಿನವರಿಂದಲೇ ಕೇಳಿ ಬರೆದುದರಿಂದ ಅಲ್ಲಿಯ ನಗೆಯಲ್ಲಿ ಕುಹಕ ಸೇರಲಿಲ್ಲ. ಕಲ್ಪನೆಯ ನಮ್ಮ ನಾಗಮಂಗಲದ ಹುಡುಗಿ ಕೇಳಿದುದೂ ಇದನ್ನೇ ಅಲ್ಲವೆ?

ಹಂಚಿಕೊಂಡು ಕೆಲಸ ಮಾಡುವುದು ಈ ಸೀಮೆಗೆ ಹೊಸದೂ ಅಲ್ಲ. ಮಂಡ್ಯದ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಕಟ್ಟುವಾಗ ಪಾತ್ರಧಾರಿಯೇ ಹಣ ತೆತ್ತು ಪಾತ್ರ ಪಡೆಯುವ ರೂಢಿಯುಂಟು. ದುರ್ಯೋಧನನ ಕಿರೀಟಕ್ಕೆ ಹೆಚ್ಚು ಬೆಲೆ, ಸಣ್ಣ ಪಾತ್ರಕ್ಕೆ ಕಡಿಮೆ. ಆದರೂ ರಾತ್ರಿಯಿಡೀ ನಾಟಕ ನಿಲ್ಲುವುದು ಕಿರೀಟವಿಲ್ಲದ ಹಾರ್ಮೋನಿಯಂ ಮೇಷ್ಟರ ಬೆರಳುಗಳ ಮೇಲೆ ಎಂಬುದನ್ನು ದುರ್ಯೋಧನನೂ ಬಲ್ಲ. ಒಂದು ಕ್ಷಣ ಮೇಷ್ಟರು ಕೈ ತೆಗೆದರೆ ಕೌರವೇಶ್ವರನ ಕಂದಪದ್ಯ ಗಂಟಲಿನಲ್ಲಿಯೇ ಉಳಿಯುತ್ತದೆ.

ಚಿತ್ರ ಮುಗಿದು, ಕಾಲೇಜಿನ ಸಭಾಂಗಣದಲ್ಲಿ ಚಪ್ಪಾಳೆ ಬಿದ್ದು, ಮಾಲೆ ಒಣಗಿದ ಮೇಲೆ ವಿದ್ಯಾರ್ಥಿಗಳು ಮಾಡಬೇಕಾದ ಇನ್ನೊಂದು ಕೆಲಸವಿದೆ. ಬಹುಮಂದಿ ಅದನ್ನು ಮಾಡುವುದಿಲ್ಲ. ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಕುಳಿತು ಮೂರು ಪ್ರಶ್ನೆಗಳಿಗೆ ಒಂದು ಪುಟದ ಉತ್ತರ ಬರೆಯಬೇಕು. ಮೊದಲು ನಾನು ಬಯಸಿದ್ದೇನು? ಅದನ್ನು ಬದಲಿಸಿದವರು ಯಾರು? ಬದಲಾದುದರಿಂದ ಚಿತ್ರಕ್ಕೆ ಲಾಭವಾಯಿತೆ, ನಷ್ಟವಾಯಿತೆ? ಅನಂತರ ಎಲ್ಲರೂ ಸೇರಿ ಗಟ್ಟಿಯಾಗಿ ಓದಬೇಕು. ತನ್ನದೆಂದುಕೊಂಡ ದೃಶ್ಯ ಇನ್ನೊಬ್ಬರ ಪುಟದಲ್ಲಿಯೂ 'ನನ್ನದು' ಎಂದು ಬರೆದಿರುವುದನ್ನು ಕೇಳಿದಾಗ ಮೊದಲು ಸಿಟ್ಟು ಬರುತ್ತದೆ. ಎರಡೂ ಮಾತು ನಿಜವೆಂದು ಹೊಳೆದರೆ ಆ ಚಿತ್ರದಿಂದ ಕಲಿಯಬೇಕಾದುದನ್ನು ಕಲಿತಂತಾಯಿತು. ಹೊಳೆಯದಿದ್ದರೆ ಬಹುಮಾನ ಬಂದರೂ ಕಲಿಕೆ ಬಾಕಿ ಉಳಿಯಿತು.

ಹಾಗೆಂದು ನಿರ್ದೇಶಕನ ಸ್ಥಾನ ಸಣ್ಣದೆಂದಲ್ಲ. ಹತ್ತು ಮಾತುಗಳಲ್ಲಿ ಒಂದನ್ನು ಆರಿಸಿ, ಅದು ತಪ್ಪಾದರೆ ಹೊಣೆ ಹೊರುವವನು ಬೇಕೇಬೇಕು. ಪುಣೆಯ ಅದೇ ಸಂಸ್ಥೆಯಲ್ಲಿ ಗಿರೀಶ ಕಾಸರವಳ್ಳಿಯವರು 1975ರಲ್ಲಿ ವಿದ್ಯಾರ್ಥಿಯಾಗಿ 'ಅವಶೇಷ' ಎಂಬ ಕಿರುಚಿತ್ರ ತೆಗೆದರು. ಎರಡೇ ವರ್ಷಗಳಲ್ಲಿ, 1977ರಲ್ಲಿ, 'ಘಟಶ್ರಾದ್ಧ' ಬಂದು ಸ್ವರ್ಣಕಮಲವನ್ನು ಗೆದ್ದಿತು. ಒಬ್ಬನ ದೃಷ್ಟಿಯ ಬೆಲೆಯನ್ನು ಅಲ್ಲಗಳೆಯುವುದು ಯಾರಿಗೂ ಸಾಧ್ಯವಿಲ್ಲ. ದೃಷ್ಟಿ ಒಬ್ಬನದಾಗಬಹುದು, ಅದು ಕಣ್ಣಿಗೆ ಬೀಳುವಂತಾಗುವುದು ಹಲವರಿಂದ. ಕೇಳಬೇಕಾದಾಗ ಕೇಳಿ, ನಿರ್ಧರಿಸಬೇಕಾದಾಗ ನಿರ್ಧರಿಸಬಲ್ಲವನು ಮಾತ್ರ ತಂಡವನ್ನು ಉಳಿಸಿಕೊಳ್ಳುತ್ತಾನೆ.

ಮಗನೋ ಮಗಳೋ ಭಾನುವಾರದ ಊಟ ಬಿಟ್ಟು ಗೆಳೆಯರೊಡನೆ ಚಿತ್ರ ತೆಗೆಯಲು ಹೊರಟರೆ ಹುಬ್ಬುಗಂಟಿಕ್ಕುವ ತಂದೆತಾಯಿಗಳು ಇದ್ದಾರೆ. ಓದು ಹಾಳಾಗುವುದೆಂಬ ಅವರ ಭಯ ನಿರಾಧಾರವೇನಲ್ಲ. ವೇಳೆಗೆ ಒಂದು ಮಿತಿ ಹಾಕುವುದು ಒಳ್ಳೆಯದೇ. ಆದರೆ ಮಕ್ಕಳು ಚಿತ್ರವನ್ನು ಮನೆಗೆ ತಂದು ತೋರಿಸಿದಾಗ 'ನಿನ್ನ ಹೆಸರು ಎಲ್ಲಿ ಬರುತ್ತದೆ?' ಎಂದು ಕೇಳುವುದರ ಜೊತೆಗೆ, 'ಓಣಿಯ ತುದಿಯಲ್ಲಿ ಬೈಕು ತಡೆದು ನಿಂತವನ ಹೆಸರು ಹಾಕಿದ್ದೀರೋ, ಇಲ್ಲವೋ?' ಎಂದೂ ಕೇಳಲಿ. ಮುದುಕಿಯ ಪಾತ್ರಕ್ಕಾಗಿ ಬಿಸಿಲಿನಲ್ಲಿ ನಡೆದ ಅಜ್ಜಿಗೆ ಚಿತ್ರ ತೋರಿಸಿದಿರಾ ಎಂದು ವಿಚಾರಿಸಲಿ. ಇಲ್ಲವೆಂದರೆ ಮುಂದಿನ ಭಾನುವಾರವೂ ಅವರನ್ನು ಕಳುಹಿಸಿಕೊಡಲಿ. ಚಿತ್ರದ ಕೆಲಸ ಇನ್ನೂ ಮುಗಿದಿಲ್ಲ.