ಹಳೆಯ ಯಂತ್ರದ ಅಪರಾಧವೇನು?

ಯಂತ್ರವೊಂದು ಕೆಟ್ಟು ನಿಂತಾಗ ಮೊದಲು ಅದರ ವಯಸ್ಸನ್ನು ಕೇಳುವುದು ನಮ್ಮಲ್ಲಿ ವಾಡಿಕೆ. ಹತ್ತು ವರ್ಷ ಮೀರಿದೆಯೆಂದು ತಿಳಿದೊಡನೆ ವಿಚಾರಣೆ ಮುಗಿಯಿತು. ಇನ್ನು ತೀರ್ಪೊಂದೇ ಬಾಕಿ. ಈಚೆಗೆ ನಮ್ಮ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ಇಂತಹ ತೀರ್ಪೊಂದು ಹೊರಬಿದ್ದಿತು. ವಿಜ್ಞಾನವನ್ನು ಬೋಧಿಸುವುದೇ ವೃತ್ತಿಯಾಗಿರುವ ನಾವು ಅದನ್ನು ಎಷ್ಟು ಸುಲಭವಾಗಿ ನಂಬಿದೆವೆಂಬುದನ್ನು ವಾಚಕರ ಮುಂದಿಡುವುದು ನ್ಯಾಯವೆಂದು ತೋರಿದೆ.

ನಮ್ಮ ಪ್ರಯೋಗಶಾಲೆಯಲ್ಲಿ 2012ರಲ್ಲಿ ಕೊಂಡ ಏಳು ಗಣಕಯಂತ್ರಗಳಿವೆ. ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿಗಾಗಿ ಸಾವಿರಾರು ಕಣಗಳ ಪರಸ್ಪರ ಆಕರ್ಷಣೆಯನ್ನು ಲೆಕ್ಕಹಾಕಬೇಕಾಗಿದ್ದಿತು. ಇಂತಹ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡು ಹೇಳಿಮಾಡಿಸಿದಂತಹುದು. ಪರದೆಯ ಮೇಲೆ ಚಿತ್ರ ಮೂಡಿಸುವುದಕ್ಕಾಗಿ ಹುಟ್ಟಿದ ಈ ಫಲಕದಲ್ಲಿ ನೂರಾರು ಸಣ್ಣ ಘಟಕಗಳು ಒಂದೇ ಬಗೆಯ ಲೆಕ್ಕವನ್ನು ಏಕಕಾಲದಲ್ಲಿ ಮಾಡುತ್ತವೆ. ವಿಭಾಗದ ಅಲ್ಪ ಅನುದಾನದಲ್ಲಿ ಅಂತಹುದೊಂದನ್ನು ತರಿಸಿ, ಏಳರಲ್ಲಿ ಒಂದು ಯಂತ್ರಕ್ಕೆ ಕೂರಿಸಿದೆವು.

ಮೊದಲ ದಿನ ಪರದೆ ಕಪ್ಪಾಗಿಯೇ ಇದ್ದಿತು. ಮಾನಿಟರಿನ ತಂತಿಯನ್ನು ನಾನು ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿನ ಕಿಂಡಿಗೇ ಸಿಕ್ಕಿಸಿದ್ದೆ; ಹೊಸ ಕಾರ್ಡಿನ ಕಿಂಡಿಗೆ ಬದಲಿಸಿದೊಡನೆ ಚಿತ್ರ ಬಂದಿತು. ಹುಡುಗರು ನಕ್ಕರು. ನಿಜವಾದ ತೊಂದರೆ ಕಂಡುದು ಆಮೇಲೆ. ಸಾಧಾರಣ ಕೆಲಸಗಳಲ್ಲಿ ಯಂತ್ರವು ನಿರ್ವಿಘ್ನವಾಗಿ ನಡೆಯುವುದು; ಕಣಗಳ ಲೆಕ್ಕ ಆರಂಭವಾದ ಕೆಲವೇ ನಿಮಿಷಗಳಲ್ಲಿ ಥಟ್ಟನೆ ಆರಿಹೋಗಿ, ತಾನಾಗಿಯೇ ಮತ್ತೆ ಹೊತ್ತಿಕೊಳ್ಳುವುದು.

ದುರಸ್ತಿಯವರನ್ನು ಕರೆಸಿದೆವು. ಅವರು ನಮ್ಮ ಕಾರ್ಡನ್ನು ತಮ್ಮ ಅಂಗಡಿಯ ಹೊಸ ಯಂತ್ರಕ್ಕೆ ಹಾಕಿ ನೋಡಿದರು. ಅಲ್ಲಿ ಅದು ಸೊಗಸಾಗಿ ನಡೆಯಿತು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು, ಅಂದರೆ ಪೇಟೆಯಲ್ಲಿ ಎಸ್‌ಎಂಪಿಎಸ್ ಎನ್ನುವುದನ್ನು, ಬಿಚ್ಚಿ ತೆಗೆದು ಮೀಟರು ಹಿಡಿದರು, 12.1 ವೋಲ್ಟ್ ತೋರಿಸಿತು. “ಹಳೇ ಬೋರ್ಡಿಗೆ ಹೊಸ ಕಾರ್ಡು ಹೊಂದೋದಿಲ್ಲ ಸಾರ್, ಸೆಟ್ಟೇ ಬದಲಾಯಿಸಿ” ಎಂದರು. ವಾರ ಕಳೆಯುವುದರೊಳಗಾಗಿ ಏಳೂ ಯಂತ್ರಗಳು ಕಂಡೆಮ್ ಪಟ್ಟಿಯನ್ನು ಸೇರಿದವು. ಆ ಪಟ್ಟಿಗೆ ನಾನೂ ಸಹಿ ಹಾಕಿದೆ.

ಆ ರಾತ್ರಿ ನನಗೆ ಹೊಳೆದುದು ಇಷ್ಟು: ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ಒಯ್ದಾಗ ಬದಲಾದುದು ಬೋರ್ಡು ಮಾತ್ರವೇ? ಬೋರ್ಡಿನ ಜೊತೆಗೆ ಪ್ರೊಸೆಸರು, ಎಸ್‌ಎಂಪಿಎಸ್, ತಂತ್ರಾಂಶ ಎಲ್ಲವೂ ಬದಲಾದವು. ಕಾರ್ಡು ನಿರ್ದೋಷಿಯೆಂಬುದನ್ನು ಆ ಪ್ರಯೋಗ ಸಿದ್ಧಪಡಿಸಿತು, ನಿಜ. ಉಳಿದವುಗಳಲ್ಲಿ ದೋಷಿ ಯಾವುದೆಂಬ ಬಗ್ಗೆ ಅದು ಏನನ್ನೂ ಹೇಳುವಂತಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ನಾನು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ!

ಬೋರ್ಡಿನ ಮೇಲಿನ ಆರೋಪವೂ ಹುರುಳಿಲ್ಲದ್ದು. ಪಿಸಿಐ ಎಕ್ಸ್‌ಪ್ರೆಸ್ ಎಂಬ ಜೋಡಣೆಯ ಪದ್ಧತಿ 2004ರಿಂದ ಬಳಕೆಗೆ ಬಂದಿತು. ಹೊಸ ತಲೆಮಾರಿನ ಕಾರ್ಡು ಹಳೆಯ ಕಿಂಡಿಯಲ್ಲಿಯೂ ಕೂಡುವಂತೆ, ಇಬ್ಬರಿಗೂ ಸಾಧ್ಯವಾದ ವೇಗದಲ್ಲಿ ಮಾತನಾಡುವಂತೆ ಅದನ್ನು ರೂಪಿಸಲಾಗಿದೆ. ಹೊಂದದೆಯೇ ಇದ್ದಿದ್ದರೆ ಸಾಧಾರಣ ಕೆಲಸವಾದರೂ ಹೇಗೆ ನಡೆಯುತ್ತಿತ್ತು?

ಎಸ್‌ಎಂಪಿಎಸ್ ವಿಷಯದಲ್ಲಿ ತಪ್ಪು ನನ್ನದೂ ಹೌದು. ಕಿಂಡಿಯೊಂದರಿಂದಲೇ ಕಾರ್ಡಿಗೆ ದೊರೆಯುವ ಗರಿಷ್ಠ ಸಾಮರ್ಥ್ಯ 75 ವ್ಯಾಟ್. ನಮ್ಮ ಕಾರ್ಡಿನ ಬೇಡಿಕೆಯೂ ಅಷ್ಟೇ. ಪ್ರೊಸೆಸರಿಗೆ 77 ವ್ಯಾಟ್. ಡಿಸ್ಕು, ಫ್ಯಾನು ಮೊದಲಾದವುಗಳಿಗೆ ಧಾರಾಳವಾಗಿ 50 ಎಂದಿಟ್ಟುಕೊಂಡರೂ ಮೊತ್ತ ಸುಮಾರು 200 ವ್ಯಾಟ್. ಪೆಟ್ಟಿಗೆಯ ಮೇಲೆ 300 ಎಂದು ಅಚ್ಚಾಗಿದ್ದಿತು. ಲೆಕ್ಕ ಸರಿಯಾಗಿದೆಯೆಂದು ನಾನು ಸುಮ್ಮನಾದೆ. ಆದರೆ ಆ 300, ಪೆಟ್ಟಿಗೆ ಹೊಸದಾಗಿದ್ದಾಗಿನ ಮಾತು. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳಲ್ಲಿರುವ ದ್ರವ ವರ್ಷಗಳುರುಳಿದಂತೆ ಒಣಗುತ್ತದೆ. ಶಾಖ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿದರೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂದು ಎಣಿಕೆ. ಧೂಳು ತುಂಬಿ ಗಾಳಿಯಾಡದ ಪೆಟ್ಟಿಗೆಯಲ್ಲಿ ಶಾಖಕ್ಕೇನು ಕೊರತೆ!

ಇನ್ನು ಆ 12.1 ವೋಲ್ಟ್. ಹೊರೆಯಿಲ್ಲದೆ ಅಳೆದ ಅಂಕಿ ಅದು. ಪಿ.ಯು.ಸಿ. ವಿದ್ಯಾರ್ಥಿಯೂ ಈ ಪ್ರಯೋಗವನ್ನು ಮಾಡಿರುತ್ತಾನೆ: ಹಳೆಯ ಶುಷ್ಕಕೋಶಕ್ಕೆ ವೋಲ್ಟ್‌ಮೀಟರನ್ನಷ್ಟೇ ಜೋಡಿಸಿದರೆ ಬಹುಮಟ್ಟಿಗೆ ಪೂರ್ಣ ವೋಲ್ಟೇಜು ತೋರುತ್ತದೆ, ಬಲ್ಬೊಂದನ್ನು ಹೊತ್ತಿಸಿದೊಡನೆ ಮುಳ್ಳು ಕೆಳಗಿಳಿಯುತ್ತದೆ. ಎಸ್‌ಎಂಪಿಎಸ್ ಕೋಶದಂತಲ್ಲ, ತನ್ನ ವೋಲ್ಟೇಜನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡು ಅದಕ್ಕುಂಟು. ಆದರೆ ತಿದ್ದಿಕೊಳ್ಳುವ ಶಕ್ತಿಗೂ ಒಂದು ಮಿತಿ ಉಂಟಷ್ಟೆ.

ಮರುದಿನ ಡಿಸ್ಕಿಗೆಂದು ಇರುವ ಬಿಡಿ ಜೋಡಣೆಯ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರನ್ನಿಟ್ಟು ಲೆಕ್ಕವನ್ನು ಆರಂಭಿಸಿದೆವು. 12.0 ಇದ್ದುದು 11.6 ಆಯಿತು, 11.4 ಆಯಿತು. ಶೇಕಡ 5ರ ಸಡಲಿಕೆಯನ್ನು ಕೊಟ್ಟರೂ 11.4 ವೋಲ್ಟಿಗಿಂತ ಕೆಳಗಿಳಿಯಕೂಡದು. ನಾವು ಓದಿದ ಕೊನೆಯ ಅಂಕಿ 11.2, ಆ ಕೂಡಲೇ ಪರದೆ ಆರಿತು. ರಸಾಯನವಿಜ್ಞಾನ ವಿಭಾಗದಿಂದ ಒಂದು ಎಸ್‌ಎಂಪಿಎಸ್ ಎರವಲು ತಂದು, ಬೇರೇನನ್ನೂ ಮುಟ್ಟದೆ ಅದೊಂದನ್ನೇ ಬದಲಿಸಿದೆವು. ಲೆಕ್ಕವು ಎರಡು ಗಂಟೆ ಕಾಲ ಅವಿಚ್ಛಿನ್ನವಾಗಿ ನಡೆಯಿತು. ಹಳೆಯದನ್ನು ಪುನಃ ಜೋಡಿಸಿದೆವು. ಏಳನೆಯ ನಿಮಿಷದಲ್ಲಿ ಆರಿತು. ಈ ಕೊನೆಯ ಹೆಜ್ಜೆಯನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ದೋಷವನ್ನು ಬೇಕೆಂದಾಗ ಹೋಗಲಾಡಿಸಿ, ಬೇಕೆಂದಾಗ ಮರಳಿ ತರಲು ಶಕ್ತರಾದ ಮೇಲೆಯೇ ಅದರ ಕಾರಣ ತಿಳಿಯಿತೆನ್ನಬಹುದು.

(ವಾಚಕರಲ್ಲಿ ಒಂದು ವಿನಂತಿ. ಪೆಟ್ಟಿಗೆಯನ್ನು ಬದಲಿಸಬಹುದು, ಅದನ್ನೇ ಬಿಚ್ಚಿ ನೋಡುವ ಸಾಹಸ ಬೇಡ. 230 ವೋಲ್ಟಿನ ಮನೆವಿದ್ಯುತ್ತಿನ ಶಿಖರಮೌಲ್ಯ ಸುಮಾರು 325 ವೋಲ್ಟ್. ಪ್ಲಗ್ಗನ್ನು ಕಿತ್ತ ಮೇಲೆಯೂ ಒಳಗಿನ ಕೆಪ್ಯಾಸಿಟರಿನಲ್ಲಿ ಅದು ಸ್ವಲ್ಪ ಕಾಲ ಉಳಿದಿರಬಹುದು.)

ಹಳೆಯ ಬೋರ್ಡು ಯಾವಾಗಲೂ ನಿರಪರಾಧಿಯೆಂದು ನಾನು ವಾದಿಸುವುದಿಲ್ಲ. 2022ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡು ಮಾಹಿತಿಯ ಸಾಗಣೆಗೆ ನಾಲ್ಕೇ ಹಾದಿಗಳನ್ನು ಬಳಸುತ್ತದೆ. ನಾಲ್ಕನೆಯ ತಲೆಮಾರಿನ ಬೋರ್ಡಿನಲ್ಲಿ ಅವುಗಳಲ್ಲಿ ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಸಾಗಿದರೆ ಮೂರನೆಯದರಲ್ಲಿ 4, ಎರಡನೆಯದರಲ್ಲಿ 2. ಇಲ್ಲಿ ಬೋರ್ಡನ್ನು ದೂರುವುದು ಸರಿಯೇ, ಏಕೆಂದರೆ ದೂರಿಗೆ ಒಂದು ಅಂಕಿಯ ಆಧಾರವಿದೆ. “ಹಳೆಯದು” ಎಂದಷ್ಟೇ ಹೇಳುವುದಾದರೆ ವಯಸ್ಸನ್ನು ಹೇಳಿದಂತಾಯಿತೇ ಹೊರತು ಕಾರಣವನ್ನಲ್ಲ.

ದುರಸ್ತಿಯವರನ್ನು ದೂಷಿಸಿ ಪ್ರಯೋಜನವಿಲ್ಲ. ಅವರೂ ನಮ್ಮಂತಹ ಕಾಲೇಜುಗಳಲ್ಲಿ ಓದಿದವರೇ. ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗೆ ಕೊಡುವ ಉಪಕರಣ ಸದಾ ಸರಿಯಾಗಿರಬೇಕು. ಕೆಟ್ಟಿದ್ದರೆ ಅಟೆಂಡರು ಓಡಿಬಂದು ಬದಲಿಸುತ್ತಾನೆ. ಕೆಟ್ಟ ಮಂಡಲವೊಂದನ್ನು ಕೈಗಿತ್ತು “ದೋಷ ಎಲ್ಲಿದೆ, ಹೇಗೆ ಬಲ್ಲೆ?” ಎಂದು ನನ್ನನ್ನು ಯಾರೂ ಕೇಳಲಿಲ್ಲ, ಅಧ್ಯಾಪಕನಾದ ಮೇಲೆ ನಾನೂ ಯಾರನ್ನೂ ಕೇಳಿಲ್ಲ. ಪ್ರಾಯೋಗಿಕ ಪರೀಕ್ಷೆಯ ಅಂಕಗಳಲ್ಲಿ ಐದರಲ್ಲೊಂದು ಪಾಲನ್ನಾದರೂ ಈ ಪ್ರಶ್ನೆಗೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಬೆಲೆ ಕಟ್ಟುವುದು ಕಷ್ಟ, ಪರೀಕ್ಷಕರಿಗೆ ಶ್ರಮ ಹೆಚ್ಚು ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಎರಡೂ ನಿಜ.

ಹೊಸ ಎಸ್‌ಎಂಪಿಎಸ್ ಬಂದು, ವಿದ್ಯಾರ್ಥಿಗಳ ಲೆಕ್ಕ ಈಗ ನಡೆಯುತ್ತಿದೆ. ಕಂಡೆಮ್ ಪಟ್ಟಿಯಿಂದ ಒಂದು ಯಂತ್ರದ ಹೆಸರನ್ನು ಹೊಡೆದುಹಾಕಿಸಿದ್ದೇನೆ. ಪಟ್ಟಿಯಿನ್ನೂ ಪ್ರಾಂಶುಪಾಲರ ಮೇಜಿನ ಮೇಲಿದೆ. ಉಳಿದ ಆರನ್ನು ಶನಿವಾರ ಮಧ್ಯಾಹ್ನ ತಾವೇ ಪರೀಕ್ಷಿಸಲು ಆ ನಾಲ್ವರು ಅನುಮತಿ ಕೇಳಿದ್ದಾರೆ.