ಗುಜರಿ ತಕ್ಕಡಿಯಲ್ಲಿ ಶೆಫೀಲ್ಡಿನ ಉಳಿ

ಬಿ.ಸಿ. ರೋಡಿನ ಆಸುಪಾಸಿನ ಒಂದು ಗುಜರಿ ಅಂಗಡಿಗೆ ಕೆಲವು ಸಮಯದ ಹಿಂದೆ ಕಾರ್ಯನಿಮಿತ್ತ ಹೋಗಿದ್ದೆ. ಅಲ್ಲಿ ಹಲಸಿನ ಮರದ ಒಂದು ಹಳೆಯ ಪೆಟ್ಟಿಗೆಯನ್ನು ಬುಡಮೇಲು ಮಾಡಿ ಒಳಗಿನ ಸಾಮಾನುಗಳನ್ನು ತಕ್ಕಡಿಗೆ ಸುರಿಯುತ್ತಿದ್ದರು. ನಾಲ್ಕೈದು ಉಳಿಗಳು, ಒಂದು ಕಬ್ಬಿಣದ ಕೀಸುಳಿ, ತಿರುಗಿಸುವ ಬೈರಿಗೆ ಮತ್ತು ತುಕ್ಕು ಹಿಡಿದ ಹತ್ತಾರು ಅರಗಳು ಅದರಲ್ಲಿದ್ದವು. ಬೆಳ್ತಂಗಡಿ ಕಡೆಯ ಆಚಾರಿಯೊಬ್ಬರು ತೀರಿಕೊಂಡ ಬಳಿಕ, ಊರು ಬಿಟ್ಟು ದುಡಿಯುತ್ತಿರುವ ಮಕ್ಕಳು ಮನೆ ಖಾಲಿ ಮಾಡುವಾಗ ಕೊಟ್ಟ ಪೆಟ್ಟಿಗೆಯಂತೆ. ಒಂದು ಉಳಿಯನ್ನು ಕೈಗೆತ್ತಿಕೊಂಡು ಒರೆಸಿದೆ. ಹಿಡಿಯ ಬುಡದ ಬಳಿ ಮೂರೆಲೆಯ ಒಂದು ಗುರುತು, ಅದರ ಕೆಳಗೆ ಮಾರ್ಪಲ್ಸ್, ಶೆಫೀಲ್ಡ್ ಎಂಬ ಅಕ್ಷರಗಳು ಕಂಡವು. ಎರಡು ತಲೆಮಾರುಗಳಿಗೆ ಅನ್ನ ಕೊಟ್ಟಿರಬಹುದಾದ ಆ ಉಳಿಗೆ ಬೇಲಿಯ ಸರಳಿಗೂ ಮುರಿದ ಸೈಕಲ್ಲಿಗೂ ಸಿಗುವ ದರವೇ ನಿಗದಿಯಾಗಿತ್ತು.

ಗುಜರಿಯವರನ್ನು ದೂರುವ ನೈತಿಕ ಹಕ್ಕು ನನಗಿಲ್ಲ. ಹಾರ್ಡ್‌ವೇರ್ ವ್ಯಾಪಾರವೇ ನನ್ನ ಜೀವನಾಧಾರ. ವರ್ಷಗಳ ಹಿಂದೆ ಅಂಗಡಿಯನ್ನು ಹೊಸ ಕಟ್ಟಡಕ್ಕೆ ಸಾಗಿಸುವಾಗ, ತಂದೆಯವರ ಕಾಲದಿಂದ ಅಟ್ಟದ ಮೇಲಿದ್ದ ವಿಲಾಯತಿ ಅರ, ಉಳಿಗಳ ಕಟ್ಟುಗಳನ್ನು, ಅವುಗಳಿಗೆ ಸುತ್ತಿದ್ದ ಗ್ರೀಸ್ ಕಾಗದವನ್ನೂ ಬಿಚ್ಚದೆ, ನಾನೂ ಹೀಗೆಯೇ ತೂಕಕ್ಕೆ ಹಾಕಿದ್ದೆ. ಜಾಗ ಉಳಿಯಿತೆಂದು ಅಂದು ಸಂತೋಷಪಟ್ಟೆ. ಕಳೆದುಕೊಂಡದ್ದು ಏನೆಂಬುದು ಅರಿವಾಗಲು ಹಲವು ವರ್ಷಗಳೇ ಬೇಕಾದವು. ಈ ಲೇಖನವನ್ನು ಒಂದು ರೀತಿಯ ತಪ್ಪೊಪ್ಪಿಗೆಯೆಂದು ಓದುಗರು ಪರಿಗಣಿಸಿದರೂ ಆಕ್ಷೇಪವಿಲ್ಲ.

ಈ ಉಪಕರಣಗಳು ಇಲ್ಲಿಗೆ ಬಂದ ಬಗೆ

ನಮ್ಮ ಜಿಲ್ಲೆಗೂ ಯುರೋಪಿನ ಕೈ ಉಪಕರಣಗಳಿಗೂ ಇರುವ ನಂಟು ಆಕಸ್ಮಿಕವಾದುದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯವನ್ನೂ, 1851ರ ವೇಳೆಗೆ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿತು. 1870ರ ದಶಕದಲ್ಲಿ ಯಂತ್ರಗಳ ತಯಾರಿ ಹಾಗೂ ದುರಸ್ತಿಗಾಗಿ ಪ್ರತ್ಯೇಕ ಕಾರ್ಯಾಗಾರವೇ ಆರಂಭವಾಯಿತು. ಹೆಂಚಿನ ಕಾರ್ಖಾನೆಗೆ ಕಾರಣರಾದ ಜಾರ್ಜ್ ಪ್ಲೆಬ್ಸ್ಟ್ ಅವರಂತಹ ಜರ್ಮನ್ ಹಾಗೂ ಸ್ವಿಸ್ ಕುಶಲಕರ್ಮಿಗಳ ಕೈಕೆಳಗೆ ಸ್ಥಳೀಯ ಯುವಕರು ಫಿಟ್ಟರ್, ಬಡಗಿ, ಎರಕದ ಕೆಲಸಗಳಲ್ಲಿ ಪಳಗಿದರು. 1868ರಲ್ಲಿ ಆಲ್ಬುಕರ್ಕ್ ಸಂಸ್ಥೆಯ ಹೆಂಚಿನ ಕಾರ್ಖಾನೆ ಪ್ರಾರಂಭವಾದ ನಂತರ ಈ ಉದ್ಯಮ ಸ್ಥಳೀಯರ ಕೈಗೂ ಬಂದು, ನೇತ್ರಾವತಿಯ ದಂಡೆಗುಂಟ ಬಂಟ್ವಾಳ, ಪಾಣೆಮಂಗಳೂರುಗಳವರೆಗೆ ಹಬ್ಬಿತು. ಮೊದಲ ಮಹಾಯುದ್ಧದ ಪರಿಣಾಮವಾಗಿ ಮಿಶನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದರೂ ಕಲಿತ ಕೈಗಳು ಊರಲ್ಲೇ ಉಳಿದವು. ಕಾರ್ಖಾನೆಗಳ ಜೊತೆಗೇ ಮಂಗಳೂರು ಬಂದರಿನ ಮೂಲಕ ವಿಲಾಯತಿ ಉಪಕರಣಗಳು ನಮ್ಮ ಪೇಟೆಗಳಿಗೂ ಆಚಾರಿಗಳ ಪೆಟ್ಟಿಗೆಗಳಿಗೂ ತಲುಪಿದವು. ಕಾಂಕ್ರೀಟ್ ತಾರಸಿಯ ಕಾಲ ಬಂದು ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದಾಗ ಯಂತ್ರಗಳ ಹರಾಜನ್ನು ಎಲ್ಲರೂ ಗಮನಿಸಿದರು. ಫಿಟ್ಟರನ ಪೆಟ್ಟಿಗೆ ಎಲ್ಲಿಗೆ ಹೋಯಿತೆಂದು ಕೇಳಿದವರು ಯಾರೂ ಇರಲಿಲ್ಲ.

ಗುಣಮಟ್ಟದ ಗುಟ್ಟು

ಹಳೆಯದೆಲ್ಲವೂ ಹೊನ್ನು ಎಂಬ ಭಾವನೆಯಿಂದ ಈ ಮಾತುಗಳನ್ನು ಆಡುತ್ತಿಲ್ಲ. ಇಂಗ್ಲೆಂಡಿನ ಡಾನ್‌ಕಾಸ್ಟರಿನ ಗಡಿಯಾರ ತಯಾರಕ ಬೆಂಜಮಿನ್ ಹಂಟ್ಸ್‌ಮನ್ ತನಗೆ ಸಿಗುತ್ತಿದ್ದ ಉಕ್ಕಿನ ಗುಣದಿಂದ ಬೇಸತ್ತು, ಶೆಫೀಲ್ಡಿನ ಬಳಿ 1740ರ ದಶಕದಲ್ಲಿ ಉಕ್ಕನ್ನು ಮೂಸೆಯಲ್ಲಿ ಪೂರ್ಣವಾಗಿ ಕರಗಿಸಿ ಶುದ್ಧಗೊಳಿಸುವ ಕ್ರಮವನ್ನು ರೂಢಿಸಿದನು. ಹಳೆಯ ಉಳಿಗಳ ಮೇಲೆ ಕಾಣುವ ‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆ ಈ ಮೂಸೆ ಉಕ್ಕನ್ನು ಸೂಚಿಸುತ್ತದೆ. ಹಲವು ಹಳೆಯ ಉಳಿಗಳಲ್ಲಿಯೂ ಕೀಸುಳಿಯ ಅಲಗುಗಳಲ್ಲಿಯೂ ಬಾಯಿಯ ಭಾಗಕ್ಕೆ ಮಾತ್ರ ಗಟ್ಟಿ ಉಕ್ಕಿನ ತೆಳುಪದರವನ್ನು ಕುಲುಮೆಯಲ್ಲಿ ಬೆಸೆದು, ಉಳಿದ ಮೈಯನ್ನು ಮೆದು ಕಬ್ಬಿಣದಿಂದ ಮಾಡಲಾಗಿರುತ್ತದೆ. ಬಾಯಿ ಹರಿತವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈ ಪೆಟ್ಟನ್ನು ತಾಳಿಕೊಳ್ಳುತ್ತದೆ, ಸಾಣೆ ಹಿಡಿಯುವುದೂ ಸುಲಭವಾಗುತ್ತದೆ. ನಮ್ಮ ಊರಿನ ಕಿರಾಲುಬೋಗಿಯಂತಹ ಗಡುಸು ಮರದ ಮೇಲೆ ಕೆಲಸ ಮಾಡಿದವರಿಗೆ ಇದರ ಬೆಲೆ ತಿಳಿದಿದೆ. ಅಗ್ಗದ ಉಳಿಯೊಂದು ಅಂತಹ ಮರದಲ್ಲಿ ಕೆಲವೇ ಪೆಟ್ಟುಗಳಿಗೆ ಬಾಯಿ ಮಡಚುತ್ತದೆ.

ಶೆಫೀಲ್ಡ್ ಮಾತ್ರವಲ್ಲದೆ ಜರ್ಮನಿಯ ರೆಮ್‌ಶೈಡ್, ಸ್ವೀಡನ್ನಿನ ಎಸ್ಕಿಲ್‌ಸ್ಟುನಾ, ಸೂಕ್ಷ್ಮ ಅರಗಳಿಗೆ ಹೆಸರಾದ ಸ್ವಿಟ್ಜರ್ಲೆಂಡಿನ ವಲ್ಲೋರ್ಬ್ ಇವೆಲ್ಲ ಉಪಕರಣಗಳಿಂದಲೇ ಬೆಳೆದ ಊರುಗಳು. ನಮ್ಮ ಗ್ಯಾರೇಜುಗಳಲ್ಲಿ ಸ್ಕ್ರೂ ಸ್ಪ್ಯಾನರ್ ಎಂದು ಕರೆಯುವ ಸಾಧನದ ಇಂದಿನ ರೂಪಕ್ಕೆ 1892ರಲ್ಲಿ ಪೇಟೆಂಟ್ ಪಡೆದವರು ಸ್ವೀಡನ್ನಿನ ಯೋಹಾನ್ಸನ್. ಇಂದು ಕಾರುಗಳಿಗೆ ಹೆಸರಾದ ಫ್ರಾನ್ಸಿನ ಪೂಜೋ ಕುಟುಂಬ 1810ರಲ್ಲಿ ಹಿಟ್ಟಿನ ಗಿರಣಿಯನ್ನು ಉಕ್ಕಿನ ಕಾರ್ಖಾನೆಯಾಗಿ ಪರಿವರ್ತಿಸಿ ಗರಗಸದ ಅಲಗುಗಳ ತಯಾರಿಕೆಗೆ ತೊಡಗಿತ್ತು. ಕೈ ಉಪಕರಣದ ಕುಶಲತೆಯಿಂದ ಮಹಾ ಉದ್ಯಮದವರೆಗಿನ ದಾರಿ ನೇರವಾದುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಪರದೇಶಿ ವ್ಯಾಮೋಹವೇ?

ಇದು ಪರದೇಶಿ ವ್ಯಾಮೋಹವೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತೂಕವಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ನಿರ್ಮಾಣವಾದಾಗಲೂ, ಬೆಳ್ತಂಗಡಿ ತಾಲೂಕಿನ ವೇಣೂರಿನ ಬಾಹುಬಲಿ 1604ರಲ್ಲಿ ಎದ್ದು ನಿಂತಾಗಲೂ ಇಲ್ಲಿ ಶೆಫೀಲ್ಡಿನ ಉಳಿ ಇರಲಿಲ್ಲ. ಆ ಕಲ್ಲಿನ ಮೇಲೆ ಓಡಾಡಿದ್ದು ನಮ್ಮ ಕುಲುಮೆಗಳಲ್ಲಿ ಬಡಿದ, ನಮ್ಮ ಆಚಾರಿಗಳೇ ಹದ ಹಾಕಿದ ಉಳಿಗಳು. ಅಷ್ಟೇ ಏಕೆ, 1800 ಹಾಗೂ 1801ರಲ್ಲಿ ಮೈಸೂರು ಮತ್ತು ಕೆನರಾ ಪ್ರದೇಶಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮೈಸೂರು ಸೀಮೆಯಲ್ಲಿ ಮೂಸೆಗಳಲ್ಲಿ ಉಕ್ಕು ತಯಾರಿಸುತ್ತಿದ್ದ ವಿಧಾನವನ್ನು ವಿವರವಾಗಿ ದಾಖಲಿಸಿದ್ದಾನೆ. ಅದೇ ಕಾಲದಲ್ಲಿ ದಕ್ಷಿಣ ಭಾರತದ ‘ವೂಟ್ಸ್’ ಉಕ್ಕಿನ ಮಾದರಿಗಳು ಇಂಗ್ಲೆಂಡಿಗೆ ಹೋಗಿ ಅಲ್ಲಿನ ವಿಜ್ಞಾನಿಗಳ ಅಧ್ಯಯನಕ್ಕೆ ವಸ್ತುವಾಗಿದ್ದವು. ಮೈಕೇಲ್ ಫ್ಯಾರಡೆ ಕೂಡ ಆ ಉಕ್ಕಿನ ಗುಟ್ಟನ್ನು ಅರಿಯಲು ಪ್ರಯೋಗಗಳನ್ನು ನಡೆಸಿದನು. ನಮ್ಮಿಂದ ಕಲಿಯಬೇಕಾದುದು ಇದೆಯೆಂದು ಅವರಿಗೆ ಅನಿಸಿತ್ತು.

ಆದುದರಿಂದ ಇಲ್ಲಿರುವ ಪ್ರಶ್ನೆ ಯಾವ ದೇಶದ್ದು ಎಂಬುದಕ್ಕಿಂತ ಯಾವ ದರ್ಜೆಯದು ಎಂಬುದಾಗಿದೆ. ಶೆಫೀಲ್ಡಿನ ಉಳಿಯನ್ನು ಉಳಿಸಿಕೊಳ್ಳಬೇಕೆನ್ನುವವರು ಊರ ಕುಲುಮೆಯ ಬಾಚಿಯನ್ನೂ ಅದರ ಪಕ್ಕದಲ್ಲೇ ಇಡಬೇಕು. ಎರಡನ್ನೂ ಹೋಲಿಸಿ ನೋಡಿದಾಗಲೇ ಹದ ಎಂದರೇನೆಂದು ಹೊಸ ತಲೆಮಾರಿಗೆ ಅರ್ಥವಾದೀತು.

ವಿದ್ಯುತ್ ಯಂತ್ರಗಳ ಯುಗದಲ್ಲಿ ಕೈ ಉಪಕರಣಗಳಿಂದೇನು ಪ್ರಯೋಜನ ಎಂಬುದು ಎರಡನೆಯ ಆಕ್ಷೇಪ. ಹಲಗೆ ಸೀಳಲು, ತೂತು ಕೊರೆಯಲು ಯಂತ್ರವೇ ಮೇಲು, ಸಂದೇಹವಿಲ್ಲ. ಆದರೆ ನಮ್ಮ ಮೂರೂ ಪ್ರದೇಶಗಳಲ್ಲಿ ದೇವಸ್ಥಾನ, ದೈವಸ್ಥಾನ, ಬಸದಿಗಳ ಜೀರ್ಣೋದ್ಧಾರ ಕಾರ್ಯ ನಿರಂತರವಾಗಿ ನಡೆದಿದೆ. ಹಳೆಯ ಗುತ್ತಿನ ಮನೆಗಳ ಕೆತ್ತನೆಯ ಕಂಬ, ಬಾಗಿಲುಗಳನ್ನು ದುರಸ್ತಿ ಮಾಡಿಸುವವರೂ ಇದ್ದಾರೆ. ಈ ಕೆಲಸದ ಕೊನೆಯ ಹಂತ ಇಂದಿಗೂ ಉಳಿಯದ್ದೇ. ಬೇಡಿಕೆ ಇದ್ದೂ ಒಳ್ಳೆಯ ಉಳಿ ಸಿಗುವುದಿಲ್ಲವೆಂದು ಕುಶಲಕರ್ಮಿಗಳು ನನ್ನ ಅಂಗಡಿಯ ಮೆಟ್ಟಿಲಲ್ಲಿ ನಿಂತು ಹೇಳಿದ ದಿನಗಳಿವೆ. ಲಾಭ ಕಡಿಮೆಯೆಂದು ನಾವು ವರ್ತಕರು ಒಳ್ಳೆಯ ಮಾಲನ್ನು ತರಿಸುವುದಿಲ್ಲ, ಬೆಲೆ ಹೆಚ್ಚೆಂದು ಗಿರಾಕಿ ಕೇಳುವುದಿಲ್ಲ. ವರ್ಷಕ್ಕೆ ಮೂರು ಉಳಿ ಬದಲಾಯಿಸುವವನು ಒಂದು ಉತ್ತಮ ಉಳಿಗಿಂತ ಹೆಚ್ಚು ಖರ್ಚು ಮಾಡುತ್ತಾನೆ ಎಂಬ ಸರಳ ಲೆಕ್ಕ ಇಬ್ಬರಿಗೂ ಮರೆತುಹೋಗಿದೆ.

ಸಂಗ್ರಹವೆಂಬ ಸಾಧನ

ಶೆಫೀಲ್ಡಿನಲ್ಲಿ ಇಂದು ಹತ್ತಾರು ಸಾವಿರ ಉಪಕರಣಗಳ ಒಂದು ಸಂಗ್ರಹ ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಕೂಡಿಸಿದ ಕೆನ್ ಹಾಲಿ (1927-2014) ಪ್ರಾಧ್ಯಾಪಕರಾಗಿರಲಿಲ್ಲ, ಶ್ರೀಮಂತರೂ ಆಗಿರಲಿಲ್ಲ. ಅವರು ನಮ್ಮಂತೆಯೇ ಒಬ್ಬ ಉಪಕರಣಗಳ ವ್ಯಾಪಾರಿ. ಕಾರ್ಖಾನೆಗಳು ಮುಚ್ಚುತ್ತಿದ್ದಾಗ ಉಪಕರಣಗಳ ಜೊತೆಗೆ ಬೆಲೆಪಟ್ಟಿಗಳನ್ನೂ ಕ್ಯಾಟಲಾಗುಗಳನ್ನೂ ಕೆಲಸಗಾರರ ನೆನಪುಗಳನ್ನೂ ಅವರು ಸಂಗ್ರಹಿಸಿದರು. ಫ್ರಾನ್ಸಿನ ಟ್ರ್ವಾ ನಗರದಲ್ಲಿ 1974ರಿಂದ ಕೈ ಉಪಕರಣಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ನಮ್ಮ ದೇಶದ ಅಹಮದಾಬಾದಿನಲ್ಲಿ 1981ರಿಂದ ಪಾತ್ರೆಗಳಿಗೇ ಮೀಸಲಾದ ‘ವಿಚಾರ್’ ಸಂಗ್ರಹಾಲಯವಿದೆ.

ದೂರದ ಮಾತೇಕೆ? ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮೂಲಕ ತುಳು ಬದುಕಿನ ವಸ್ತುಗಳನ್ನು ಕೂಡಿಟ್ಟಿದ್ದಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ನಾಡಿಗೇ ಪರಿಚಿತವಾದುದು. ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕ್ ನೌಕರಿಯಲ್ಲಿದ್ದುಕೊಂಡೇ, ಕೆಡವಿ ಮಾರಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ಕಟ್ಟಿಸಿದರು. ಕೆಡವುವವರ ಕೈಯಿಂದ ವಸ್ತುವನ್ನು ಬಿಡಿಸಿಕೊಳ್ಳುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಉಪಕರಣಗಳ ಸರದಿ ಮಾತ್ರ ಇನ್ನೂ ಬಂದಿಲ್ಲ.

ಸಂಗ್ರಹಕ್ಕೆ ತೊಡಗುವವರಿಗೆ ಅನುಭವದಿಂದ ಕೆಲವು ಮಾತುಗಳು. ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಮೆಲ್ಲನೆ ಉಜ್ಜಿ ತೆಗೆಯಬೇಕು. ತಯಾರಕರ ಗುರುತನ್ನು ಮರಳು ಕಾಗದದಿಂದ ಉಜ್ಜಿ ಅಳಿಸಬಾರದು, ಉಪಕರಣದ ಜಾತಕ ಇರುವುದೇ ಅಲ್ಲಿ. ಬಾಯಿ ಮಾಡಲು ವಿದ್ಯುತ್ ಸಾಣೆಗೆ ಒತ್ತಿ ಹಿಡಿಯಬಾರದು. ಹಳೆಯ ಇಂಗಾಲದ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸಿಗೆ ಕಾದು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಲ್ಲಿಗೆ ಅದರ ಹದ ಹೋದಂತೆಯೇ. ಸಾಣೆ ಕಲ್ಲಿನ ಮೇಲೆ ನೀರು ಅಥವಾ ಎಣ್ಣೆ ಹಾಕಿ ತಾಳ್ಮೆಯಿಂದ ಹರಿತಗೊಳಿಸುವುದೇ ಸರಿಯಾದ ದಾರಿ. ನಮ್ಮ ಮಳೆಗಾಲದ ತೇವಕ್ಕೆ ತೆಳುವಾಗಿ ಯಂತ್ರದ ಎಣ್ಣೆ ಸವರಿ, ಗಾಳಿಯಾಡುವ ಕಡೆ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟಿಗೆ ಯಾರದಾಗಿತ್ತು, ಅವರು ಯಾವ ಕೆಲಸ ಮಾಡಿದ್ದರು ಎಂಬುದನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಬೇಕು. ಆ ಚೀಟಿಯಿಲ್ಲದ ಉಪಕರಣ ಅರ್ಧ ಮೌಲ್ಯವನ್ನು ಕಳೆದುಕೊಂಡಂತೆ.

ಗಾಜಿನ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಬಂಧಿಸಿಡುವುದು ಸಂಗ್ರಹದ ಪೂರ್ಣ ಉದ್ದೇಶವಾಗಬಾರದು. ಒಂದೇ ಬಗೆಯ ಹತ್ತು ಉಳಿಗಳು ದೊರೆತರೆ ಎರಡನ್ನು ದಾಖಲೆಗಾಗಿ ಇಟ್ಟು, ಎಂಟನ್ನು ಕೆಲಸ ಮಾಡುವ ಕೈಗಳಿಗೆ ಕೊಡುವುದು ಲೇಸು.

ವಾಣಿಜ್ಯ ಸಂಸ್ಥೆ ಮಾಡಬಹುದಾದುದು

ಕೇಂದ್ರ ಸರಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಶಿಲ್ಪಿ ಸೇರಿದಂತೆ 18 ಕಸುಬುಗಳವರಿಗೆ ತರಬೇತಿಯ ಜೊತೆಗೆ ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗಿನ ನೆರವಿಗೆ ಅವಕಾಶವಿದೆ. ಕುಶಲಕರ್ಮಿಯ ಕೈಗೆ ಬರುವ ಈ ಮೊತ್ತ ಸಣ್ಣದಲ್ಲ. ಪೆಟ್ಟಿಗೆಯಲ್ಲಿ ಎಷ್ಟು ನಗ ಇವೆಯೆಂದು ಎಣಿಸುವ ಬದಲು ಎಂಥ ಉಕ್ಕಿದೆಯೆಂದು ನೋಡುವ ಕಣ್ಣು ಅವರಿಗೂ ನಮಗೂ ಇದ್ದರೆ ಆ ಹಣ ಸಾರ್ಥಕವಾದೀತು. ಕೆಟ್ಟ ಉಪಕರಣವನ್ನು ಹಿಡಿದು ಕಲಿತವನು ತಪ್ಪು ತನ್ನ ಕೈಯದೆಂದು ಭಾವಿಸಿ ಕಸುಬನ್ನೇ ಬಿಡುತ್ತಾನೆ.

ಈ ಹಿನ್ನೆಲೆಯಲ್ಲಿ ಸದಸ್ಯರ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ. ಮೊದಲನೆಯದಾಗಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಾರ್ಡ್‌ವೇರ್ ವರ್ತಕರೂ ಗುಜರಿ ವ್ಯಾಪಾರಿಗಳೂ ಕೂಡಿ ಒಂದು ಸರಳ ಒಡಂಬಡಿಕೆಗೆ ಬರಬೇಕು. ಗುರುತುಳ್ಳ ಹಳೆಯ ಕೈ ಉಪಕರಣಗಳು ಬಂದಾಗ ಅವುಗಳನ್ನು ಒಂದು ತಿಂಗಳು ಬದಿಗಿರಿಸಿ ನಮಗೆ ತಿಳಿಸಲಿ, ತೂಕದ ದರಕ್ಕಿಂತ ಹೆಚ್ಚಿನ ಬೆಲೆಯನ್ನು ನಾವು ಕೊಡೋಣ. ಎರಡನೆಯದಾಗಿ, ಉಜಿರೆಯಲ್ಲಿ 1982ರಲ್ಲಿ ಪ್ರಾರಂಭವಾದ ರುಡ್‌ಸೆಟ್ ಸಂಸ್ಥೆ, ಕಾರ್ಕಳದ ಮಿಯಾರಿನ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಹಾಗೂ ಮೂಡುಬಿದಿರೆಯ ತಾಂತ್ರಿಕ ಕಾಲೇಜುಗಳ ಸಹಕಾರದಿಂದ ವರ್ಷಕ್ಕೊಮ್ಮೆ ಸಾಣೆ ಮತ್ತು ಹದದ ಶಿಬಿರವನ್ನು ನಡೆಸಬೇಕು. ಹಿರಿಯ ಆಚಾರಿಗಳೇ ಅಲ್ಲಿ ಗುರುಗಳಾಗಲಿ, ಅವರಿಗೆ ಯೋಗ್ಯ ಸಂಭಾವನೆಯೂ ದೊರೆಯಲಿ. ಮೂರನೆಯದಾಗಿ, ನಮ್ಮ ಕುಲುಮೆಗಳಲ್ಲಿ ಇಂದಿಗೂ ಒಳ್ಳೆಯ ಕತ್ತಿ, ಬಾಚಿ ಬಡಿಯುವವರು ತಮ್ಮ ಗುರುತನ್ನು ಮುದ್ರೆಯೊತ್ತಿ ಮಾರುವಂತೆ ಪ್ರೋತ್ಸಾಹಿಸಬೇಕು. ಶೆಫೀಲ್ಡಿಗೆ ಹೆಸರು ತಂದದ್ದು ಉಕ್ಕಿನಷ್ಟೇ ಆ ಮುದ್ರೆ. ಹೆಸರು ಹಾಕಿದವನು ಕೆಟ್ಟ ಮಾಲನ್ನು ಹೊರಗೆ ಬಿಡಲು ಅಂಜುತ್ತಾನೆ.

ಅಂದು ಗುಜರಿ ಅಂಗಡಿಯಿಂದ ತಂದ ಉಳಿಗಳಲ್ಲಿ ಒಂದನ್ನು ಸ್ವಚ್ಛಗೊಳಿಸಿ, ದೇವಸ್ಥಾನದ ಮರದ ಕೆಲಸ ಮಾಡುವ ಯುವಕನೊಬ್ಬನಿಗೆ ಕೊಟ್ಟೆ. ಒಂದು ವಾರದ ಬಳಿಕ ಬಂದು, ‘ಇಂಥದ್ದು ಇನ್ನೊಂದು ಸಿಕ್ಕೀತೇ? ಬೆಲೆ ಎಷ್ಟಾದರೂ ಅಡ್ಡಿಯಿಲ್ಲ’ ಎಂದು ಕೇಳಿದನು. ಗ್ರೀಸ್ ಕಾಗದ ಸುತ್ತಿದ್ದ ನನ್ನ ಅಟ್ಟದ ಕಟ್ಟುಗಳು ನೆನಪಾದವು. ಅವನಿಗೆ ಕೊಡಲು ಆಗ ನನ್ನ ಬಳಿ ಉತ್ತರವಿರಲಿಲ್ಲ. ಆ ಉತ್ತರವನ್ನು ಒದಗಿಸುವ ಹೊಣೆ ವರ್ತಕ ಸಮುದಾಯದ ಮೇಲಿದೆ. ಇನ್ನೊಂದು ಪೆಟ್ಟಿಗೆ ತಕ್ಕಡಿಗೆ ಏರುವ ಮುನ್ನ ಸದಸ್ಯ ಬಾಂಧವರು ಈ ಕುರಿತು ಗಂಭೀರವಾಗಿ ಚಿಂತಿಸುವರೆಂದು ನಂಬಿದ್ದೇನೆ.