ಟ್ಯಾಂಕರಿನ ಬೆನ್ನ ಮೇಲೆ ಎರಡರ್ಥದ ಮಾತು ಬೇಡ

ಬ್ಯಾಂಕಿನಿಂದ ‘ಲೋನ್ ಸ್ಯಾಂಕ್ಷನ್ ಆಗಿದೆ’ ಎಂಬ ಸುದ್ದಿ ಬಂದರೆ ಮನೆಮಂದಿಗೆಲ್ಲ ಸಂತೋಷ. 2022ರಲ್ಲಿ ಉಕ್ರೇನಿನ ಮೇಲೆ ದಂಡೆತ್ತಿ ಹೋದ ರಷ್ಯಾಕ್ಕೆ ಪಾಶ್ಚಾತ್ಯ ದೇಶಗಳು ಕೊಟ್ಟ ಏಟಿನ ಹೆಸರೂ ಸ್ಯಾಂಕ್ಷನ್. ಒಂದು ಕಡೆ ಒಪ್ಪಿಗೆ, ಇನ್ನೊಂದು ಕಡೆ ಶಿಕ್ಷೆ. ಕನ್ನಡ ಪತ್ರಿಕೆಗಳು ಮೊದಲನೆಯದನ್ನು ‘ಮಂಜೂರಾತಿ’ ಅಥವಾ ‘ಅನುಮತಿ’ ಎಂದೂ ಎರಡನೆಯದನ್ನು ‘ನಿರ್ಬಂಧ’ ಎಂದೂ ಬರೆಯುವುದರಿಂದ ಕನ್ನಡದ ಓದುಗರಿಗೆ ಈ ತೊಡಕು ಎದುರಾಗುವುದೇ ಇಲ್ಲ. ಇಂಗ್ಲಿಷ್ ಓದುಗ ಮಾತ್ರ ಸಂದರ್ಭ ನೋಡಿಯೇ ತಿಳಿಯಬೇಕು.

ಇಂಗ್ಲಿಷಿನಲ್ಲಿ ಇಂಥ ಪದಗಳು ಹಲವು. ‘ಓವರ್‌ಸೈಟ್’ ಎಂದರೆ ಮೇಲುಸ್ತುವಾರಿ. ಕಣ್ತಪ್ಪಿನಿಂದಾದ ಲೋಪವೂ ಅದೇ. ಭಾರತೀಯರ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿದೆ: ಇದನ್ನು ಹಿಡಿದು ಬಂದವರನ್ನು ‘ವಿಥೌಟ್ ಲೆಟ್ ಆರ್ ಹಿಂಡ್ರನ್ಸ್’ ಓಡಾಡಲು ಬಿಡಿ ಎಂದು. ಶಾಲೆಯಲ್ಲಿ ‘ಲೆಟ್’ ಎಂದರೆ ಬಿಡು ಎಂದು ಕಲಿತವರಿಗೆ ಇದು ವಿಚಿತ್ರ ಅನ್ನಿಸಬೇಕು, ಏಕೆಂದರೆ ಇಲ್ಲಿ ಅದರ ಅರ್ಥ ಅಡ್ಡಿ. ಹಳೆಯ ಇಂಗ್ಲಿಷಿನಲ್ಲಿ ಬಿಡುವುದಕ್ಕೆ ಒಂದು ಧಾತು, ತಡೆಯುವುದಕ್ಕೆ ಬೇರೊಂದು ಧಾತು ಇದ್ದವು. ಕಾಲ ಕಳೆದಂತೆ ಎರಡೂ ಸವೆದು ಒಂದೇ ರೂಪಕ್ಕೆ ಬಂದವು. ತಡೆಯುವ ‘ಲೆಟ್’ ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾಗಿ, ಇಂಥ ಸರ್ಕಾರಿ ಮಾತುಗಳಲ್ಲಿ ಉಳಿದುಕೊಂಡಿದೆ.

ಒಂದೇ ಭಾಷೆಯವರ ನಡುವೆಯೂ ಇದು ಜಗಳ ತಂದಿಟ್ಟಿದೆ. ಎರಡನೇ ಮಹಾಯುದ್ಧದ ಕಾಲದ ಒಂದು ಪ್ರಸಂಗವನ್ನು ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಬ್ರಿಟಿಷ್ ಸೇನಾಧಿಕಾರಿಗಳು ತಮ್ಮದೊಂದು ಟಿಪ್ಪಣಿಯನ್ನು ತುರ್ತಾಗಿ ಚರ್ಚೆಗೆ ತರಬೇಕೆಂದು, ಅದನ್ನು ‘ಟೇಬಲ್’ ಮಾಡೋಣ ಎಂದರು. ಅಮೆರಿಕದವರ ಕಿವಿಗೆ ಅದು ‘ಬದಿಗಿಟ್ಟು ಮರೆಯೋಣ’ ಎಂದು ಕೇಳಿಸಿತು. ವಾದ ಬಹಳ ಹೊತ್ತು ನಡೆದು ಬಿಸಿಯೇರಿತು. ಕೊನೆಗೆ ನೋಡಿದರೆ ಎರಡೂ ಕಡೆಯವರಿಗೆ ಬೇಕಾಗಿದ್ದದ್ದು ಒಂದೇ!

ಕನ್ನಡದವರಿಗೂ ತಲೆಕೆಳಗಾದ ಮಾತು ಹೊಸದಲ್ಲ. ಹೊರಟು ನಿಂತವರು ‘ಬರ್ತೀನಿ’ ಅನ್ನುತ್ತಾರೆ. ಅನೇಕ ಮನೆಗಳಲ್ಲಿ ಹಿರಿಯರು ದೀಪ ಆರಿಸು ಅನ್ನದೆ ‘ದೀಪ ದೊಡ್ಡದು ಮಾಡು’ ಅನ್ನುತ್ತಾರೆ. ಇದರಲ್ಲಿ ಕೆಡುಕಿಲ್ಲ, ಚೆಲುವೇ ಇದೆ. ಹೇಳುವವರು ಎದುರಿಗಿರುತ್ತಾರೆ, ದನಿ ಕೇಳಿಸುತ್ತದೆ, ತಪ್ಪು ತಿಳಿದರೆ ತಿದ್ದಲು ಜನರಿದ್ದಾರೆ. ಆದರೆ ಹೇಳುವವರಿಲ್ಲದ ಕಡೆ, ಬರೀ ಬರಹವೇ ಒಬ್ಬಂಟಿಯಾಗಿ ನಿಂತು ಎಚ್ಚರಿಸಬೇಕಾದ ಕಡೆ, ಎರಡು ಅರ್ಥಕ್ಕೆ ಎಡೆ ಕೊಡುವ ಪದ ಇರಲೇಬಾರದು.

ಹೆದ್ದಾರಿಗಳಲ್ಲಿ ಓಡಾಡುವ ಪೆಟ್ರೋಲ್, ಅಡುಗೆ ಅನಿಲದ ಟ್ಯಾಂಕರುಗಳ ಹಿಂಬದಿಯನ್ನು ನೋಡಬೇಕು. ದಪ್ಪ ಅಕ್ಷರಗಳಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದಿರುತ್ತದೆ. ‘ಕರೆಕ್ಟ್’ಗೆ ‘ಇನ್‌ಕರೆಕ್ಟ್’, ‘ವಿಸಿಬಲ್’ಗೆ ‘ಇನ್‌ವಿಸಿಬಲ್’ ಎಂದು ವಿರುದ್ಧಪದ ಬಾಯಿಪಾಠ ಮಾಡಿದ ಹುಡುಗ ಇದನ್ನು ‘ಬೆಂಕಿ ಹತ್ತದ್ದು’ ಎಂದು ಓದಿಕೊಂಡರೆ ತಪ್ಪು ಅವನದಲ್ಲ. ಅವನು ಕಲಿತ ನಿಯಮವನ್ನೇ ಪಾಲಿಸಿದ್ದಾನೆ. ಲ್ಯಾಟಿನ್ನಿನಿಂದ ಬಂದ ‘ಇನ್’ ಎರಡು ಬಗೆಯದು, ಒಂದು ಇಲ್ಲವೆನ್ನುವ ‘ಇನ್’, ಇನ್ನೊಂದು ಒಳಗೆ ಎನ್ನುವ ‘ಇನ್’. ‘ಇನ್‌ಫ್ಲೇಮಬಲ್’ನಲ್ಲಿರುವುದು ಎರಡನೆಯದು. ಹೀಗಾಗಿ ‘ಫ್ಲೇಮಬಲ್’ ಮತ್ತು ‘ಇನ್‌ಫ್ಲೇಮಬಲ್’ ಎರಡರ ಅರ್ಥವೂ ಒಂದೇ: ಬೇಗ ಹೊತ್ತಿಕೊಳ್ಳುವಂಥದ್ದು. ಕನ್ನಡದಲ್ಲೂ ‘ಅಮೂಲ್ಯ’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಅದನ್ನು ತಪ್ಪಾಗಿ ತಿಳಿದರೆ ಯಾರ ಮೈಯೂ ಸುಡುವುದಿಲ್ಲ. ಟ್ಯಾಂಕರಿನ ಮಾತು ಹಾಗಲ್ಲ.

ಈ ಅಪಾಯ ಬೇರೆಯವರಿಗೆ ಹೊಳೆದು ನೂರು ವರ್ಷಗಳೇ ಆಗುತ್ತಿವೆ. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಘ 1920ರ ದಶಕದಲ್ಲೇ ‘ಫ್ಲೇಮಬಲ್’ ಪದವನ್ನೇ ಬಳಸಿ ಎಂದು ಒತ್ತಾಯಿಸಿತು. ಬ್ರಿಟನ್ನಿನ ಮಾನಕ ಸಂಸ್ಥೆ 1959ರಲ್ಲಿ ಅದೇ ಸಲಹೆ ಕೊಟ್ಟಿತು. ಅಪಾಯಕಾರಿ ಸರಕುಗಳ ಸಾಗಣೆಗಾಗಿ ವಿಶ್ವಸಂಸ್ಥೆ ರೂಪಿಸಿದ ವರ್ಗೀಕರಣದಲ್ಲೂ ಇರುವುದು ‘ಫ್ಲೇಮಬಲ್’. ಭಾರತದಲ್ಲಿ ಮಾತ್ರ ಹಳೆಯ ಪದ ಬಿಗಿಯಾಗಿ ಕುಳಿತಿದೆ. 1952ರ ಕಾಯ್ದೆಯೊಂದರ ಹೆಸರೇ ‘ಇನ್‌ಫ್ಲೇಮಬಲ್ ಸಬ್‌ಸ್ಟೆನ್ಸಸ್ ಆ್ಯಕ್ಟ್’.

ಒಂದು ಪದದಿಂದ ಬೆಂಕಿ ಹೊತ್ತೀತೇ ಎಂದು ಕೇಳುವವರಿದ್ದಾರೆ. ಅವರು ಬೆಂಜಮಿನ್ ಲೀ ವೋರ್ಫ್ ಬರೆದದ್ದನ್ನು ಓದಬೇಕು. ಭಾಷಾವಿಜ್ಞಾನಿ ಎಂದು ಹೆಸರಾದ ಈತ ಹೊಟ್ಟೆಪಾಡಿಗೆ ಅಮೆರಿಕದ ಹಾರ್ಟ್‌ಫರ್ಡ್ ಅಗ್ನಿ ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಬೆಂಕಿ ಅನಾಹುತಗಳ ವರದಿಗಳನ್ನು ನೋಡನೋಡುತ್ತ ಅವನಿಗೆ ಒಂದು ಸಂಗತಿ ಕಂಡಿತು. ‘ಗ್ಯಾಸೋಲಿನ್ ಡ್ರಮ್’ ಎಂದಿರುವಲ್ಲಿ ಜನ ಮೈಯೆಲ್ಲ ಎಚ್ಚರವಾಗಿರುತ್ತಿದ್ದರು. ‘ಖಾಲಿ ಡ್ರಮ್’ ಎಂದಿರುವಲ್ಲಿ ಸಿಗರೇಟು ಸೇದುತ್ತಿದ್ದರು. ವಾಸ್ತವದಲ್ಲಿ ಖಾಲಿ ಡ್ರಮ್ಮೇ ಹೆಚ್ಚು ಅಪಾಯ, ಏಕೆಂದರೆ ಅದರೊಳಗೆ ಸಿಡಿಯಬಲ್ಲ ಆವಿ ತುಂಬಿರುತ್ತದೆ. ಜನರ ಕೈ ನಡೆದುಕೊಂಡದ್ದು ಡ್ರಮ್ಮಿನೊಳಗೆ ಏನಿದೆ ಎಂಬುದರಂತಲ್ಲ, ‘ಖಾಲಿ’ ಎಂಬ ಮಾತಿನಂತೆ.

2013ರ ಏಪ್ರಿಲ್‌ನಲ್ಲಿ ಮಂಗಳೂರು–ಬೆಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿತು. ಪಕ್ಕದ ಮನೆಗಳು ಸುಟ್ಟವು, ಜನ ಜೀವ ಕಳೆದುಕೊಂಡರು. ಅದಕ್ಕೆ ಬರಹ ಕಾರಣವೆಂದು ಹೇಳಲಾಗದು. ಆದರೆ ಉರುಳಿದ ಟ್ಯಾಂಕರಿನ ಬಳಿಗೆ ಮೊದಲು ಓಡಿ ಬರುವವರು ಯಾರು? ಅಡಿಕೆ ತೋಟದಲ್ಲಿ ಕೆಲಸ ಮಾಡುತ್ತಿದ್ದವರು, ಅಂಗಡಿಯವರು, ಬಸ್ಸಿಗೆ ಕಾಯುತ್ತಿದ್ದವರು. ಮೊಬೈಲ್ ಹೊರಗೆ ತೆಗೆಯಬೇಕೋ, ಬೈಕ್ ಸ್ಟಾರ್ಟ್ ಮಾಡಬೇಕೋ, ಓಡಬೇಕೋ ಎಂದು ಅವರು ತೀರ್ಮಾನಿಸಲು ಇರುವುದು ಕ್ಷಣಗಳು. ಪೆಟ್ರೋಲಿಗೆ ವಿಶ್ವಸಂಸ್ಥೆ ಕೊಟ್ಟ 1203 ಎಂಬ ಸಂಖ್ಯೆ ಅಗ್ನಿಶಾಮಕ ದಳದವರಿಗೆ ಎಲ್ಲವನ್ನೂ ಹೇಳೀತು. ದಾರಿಹೋಕರಿಗೆ ಅದು ಬರೀ ಅಂಕಿ.

ಕರ್ನಾಟಕದಲ್ಲಿ ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಅಂಗಡಿಯ ಹೆಸರಿಗೆ ತೋರಿದ ಕಾಳಜಿಯನ್ನು ಜನರ ಜೀವಕ್ಕೂ ತೋರಬೇಕು. ಟ್ಯಾಂಕರುಗಳು ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತವೆ, ಎಷ್ಟು ಭಾಷೆಯಲ್ಲಿ ಬರೆಸುವುದು ಎಂಬ ಆಕ್ಷೇಪಕ್ಕೆ ಉತ್ತರವಿದೆ. ಕೆಂಪು ಚೌಕದೊಳಗಿನ ಜ್ವಾಲೆಯ ಚಿತ್ರ ಯಾವ ಊರಿನಲ್ಲೂ ಅರ್ಥವಾಗುತ್ತದೆ. ಅದನ್ನು ದೂರದಿಂದ ಕಾಣುವಷ್ಟು ದೊಡ್ಡದಾಗಿ ಹಾಕಬೇಕು. ಇಂಗ್ಲಿಷ್ ಬೇಕೇಬೇಕಾದರೆ ‘ಫ್ಲೇಮಬಲ್’ ಸಾಕು. ಈ ರಾಜ್ಯದಲ್ಲಿ ತುಂಬಿಸಿಕೊಂಡು ಹೊರಡುವ ಪ್ರತಿ ಟ್ಯಾಂಕರಿನ ಮೇಲೂ ‘ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ, ದೂರ ಇರಿ’ ಎಂದು ಕನ್ನಡದಲ್ಲಿ ಬರೆಸಲು ಸಾರಿಗೆ ಇಲಾಖೆ ಮತ್ತು ತೈಲ ಕಂಪನಿಗಳು ಮುಂದಾಗಲಿ. ಇದಕ್ಕೆ ಬೇಕಾಗುವುದು ಒಂದು ಆದೇಶ ಮತ್ತು ಒಂದು ಡಬ್ಬಿ ಬಣ್ಣ.